ಲ್ಯಾಟಿನ್‌ನಲ್ಲಿ ಹೊತ್ತು ಹೇಳುವ ಕರ್ತೃರಹಿತ ಕ್ರಿಯಾಪದಗಳು: ಮುಖ್ಯಾಂಶಗಳು

• ಬೆಳಗಾಗುವುದನ್ನೂ ಸಂಜೆಯಾಗುವುದನ್ನೂ ಲ್ಯಾಟಿನ್ ಒಂದೊಂದೇ ಕ್ರಿಯಾಪದದಲ್ಲಿ ಹೇಳಿ ಮುಗಿಸುತ್ತದೆ. ಕರ್ತೃಪದ ಬೇಕಿಲ್ಲ; ರೂಪ ಪ್ರಥಮ ಪುರುಷ ಏಕವಚನ.

• ಬೆಳಗಿಗೆ: ಲೂಕೇಸ್ಕಿಟ್, ಇಲ್ಲೂಕೇಸ್ಕಿಟ್, ಡೀಲೂಕೇಸ್ಕಿಟ್. ಮೂರರಲ್ಲೂ ಇರುವುದು ಬೆಳಕೆಂಬ ಅರ್ಥದ ‘ಲೂಕ್ಸ್’.
ಸಂಜೆಗೆ: ವೆಸ್ಪೆರಾಸ್ಕಿಟ್, ಅಡ್‌ವೆಸ್ಪೆರಾಸ್ಕಿಟ್. ಇಲ್ಲಿರುವುದು ಸಂಜೆ ಎಂಬರ್ಥದ ‘ವೆಸ್ಪೆರ್’. ‘ಅಡ್’ ಎಂದರೆ ಕಡೆಗೆ.

• ಇಡೀ ಪಾಠದ ಜೀವಾಳ ನಡುವಿನ ‘ಸ್ಕ್’ ಪ್ರತ್ಯಯ. ಕೆಲಸ ಶುರುವಾಗಿದೆ, ಮುಂದುವರಿಯುತ್ತಿದೆ ಎಂಬುದನ್ನು ಅದು ಸೂಚಿಸುತ್ತದೆ. ಲೂಕೆಟ್ ಎಂದರೆ ಬೆಳಕಿದೆ. ಲೂಕೇಸ್ಕಿಟ್ ಎಂದರೆ ಬೆಳಕು ಹರಿಯುತ್ತಿದೆ. ಪೂರ್ಣ ಭೂತಕಾಲದಲ್ಲಿ ಈ ಪ್ರತ್ಯಯ ಬಿದ್ದುಹೋಗುತ್ತದೆ: ಇಲ್ಲೂಕ್ಸಿಟ್ (ಬೆಳಗಾಯಿತು), ಅಡ್‌ವೆಸ್ಪೆರಾವಿಟ್ (ಸಂಜೆಯಾಯಿತು). ಕನ್ನಡದ ‘ಕತ್ತಲಾಗುತ್ತಿದೆ’, ‘ಕತ್ತಲಾಯಿತು’ ಎಂಬ ಜೋಡಿಯನ್ನು ನೆನೆದರೆ ವ್ಯತ್ಯಾಸ ಮನಸ್ಸಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

• ‘ಸ್ಕ್’ ಇರುವ ರೂಪಗಳು ಮೂರನೆಯ ಗಣದವು. ಲೂಕೆಟ್ ಎರಡನೆಯ ಗಣದ್ದು.

• ಗದ್ಯದಲ್ಲಿ ಇವು ಹೆಚ್ಚಾಗಿ ಕಾಲಸೂಚಕ ಉಪವಾಕ್ಯಗಳಲ್ಲಿ ಸಿಗುತ್ತವೆ. ‘ಉಬಿ ಇಲ್ಲೂಕ್ಸಿಟ್’ ಎಂದರೆ ಬೆಳಗಾದ ಕೂಡಲೇ. ಲಿವಿಯ ಇತಿಹಾಸ ಓದುವವರಿಗೆ ಇದು ಪರಿಚಿತ ಪದಗುಚ್ಛ. ‘ಕುಮ್ ಅಡ್‌ವೆಸ್ಪೆರಾಸ್ಕೆರೆಟ್’ ಎಂದರೆ ಸಂಜೆಯಾಗುತ್ತಿರಲು.

• ‘ಕರ್ತೃವೇ ಬರುವುದಿಲ್ಲ’ ಎಂದು ಬರೆದರೆ ಉತ್ತರ ತಪ್ಪು. ಇಲ್ಲೂಕೇಸ್ಕಿಟ್ ಜೊತೆಗೆ ‘ಡೀಯೆಸ್’ (ದಿನ) ಕರ್ತೃವಾಗಿ ಬರುವುದುಂಟು. ಪ್ಲಾಟಸ್, ಟೆರೆನ್ಸ್ ಇವರ ಹಾಸ್ಯನಾಟಕಗಳಲ್ಲಿ ಲೂಕೇಸ್ಕಿಟ್ ಜೊತೆ ‘ಹೋಕ್’ (ಇದು) ಕಾಣುತ್ತದೆ. ಪಾತ್ರ ಆಕಾಶದತ್ತ ಕೈತೋರಿ ಆಡುವ ಮಾತು ಅದು. ರಂಗದ ಮೇಲೆ ಹೊತ್ತು ಮೂಡಿಸಲು ಆ ಒಂದು ಪದ ಎಷ್ಟು ಸೊಗಸಾಗಿ ಒದಗುತ್ತದೆ!

• ಬೈಬಲ್ಲಿನ ಉದಾಹರಣೆ: ಲೂಕನ ಸುವಾರ್ತೆ 24:29. ಎಮ್ಮಾಹುವಿನ ದಾರಿಯಲ್ಲಿ ಜೊತೆಯಾದ ಯೇಸುವನ್ನು ಶಿಷ್ಯರು ತಮ್ಮಲ್ಲೇ ಉಳಿಯುವಂತೆ ಬೇಡುತ್ತಾರೆ. ಅವರು ಕೊಡುವ ಕಾರಣವೇ ಅಡ್‌ವೆಸ್ಪೆರಾಸ್ಕಿಟ್. ಸುವಾರ್ತೆಗಳ ಈ ಲ್ಯಾಟಿನ್ ಪಾಠವನ್ನು ಜೆರೋಮ್ ಪರಿಷ್ಕರಿಸಿದ್ದು 4ನೇ ಶತಮಾನದ ಕೊನೆಯ ಭಾಗದಲ್ಲಿ.

• ಹತ್ತಿರದ ಬಳಗ, ಹವಾಮಾನದ ಕ್ರಿಯಾಪದಗಳು: ಪ್ಲುಇಟ್ (ಮಳೆ), ನಿಂಗಿಟ್ (ಹಿಮ), ಟೊನಾಟ್ (ಗುಡುಗು). ಟೊನಾಟ್‌ಗೆ ಜುಪಿಟರ್ ದೇವತೆ ಕರ್ತೃವಾಗಬಹುದು.

• ಪುಡೆಟ್ (ನಾಚಿಕೆ), ಲಿಕೆಟ್ (ಅನುಮತಿ) ಇವನ್ನು ಇದೇ ಗುಂಪಿಗೆ ಸೇರಿಸಬೇಡಿ. ನಾಚುವವನು ಪುಡೆಟ್ ಜೊತೆ ದ್ವಿತೀಯಾ ವಿಭಕ್ತಿಯಲ್ಲಿ ಬರುತ್ತಾನೆ. ಅನುಮತಿ ಪಡೆದವನು ಲಿಕೆಟ್ ಜೊತೆ ಚತುರ್ಥಿಯಲ್ಲಿ. ಹೊತ್ತು ಹೇಳುವ ಕ್ರಿಯಾಪದಗಳಿಗೆ ಅಂಥ ವ್ಯಕ್ತಿಯ ಅಗತ್ಯವೇ ಇಲ್ಲ.

• ಅನುವಾದದ ಪ್ರಶ್ನೆ ಬಂದಾಗ ಮೊದಲು ‘ಸ್ಕ್’ ಇದೆಯೇ ನೋಡಿ, ಆಮೇಲೆ ಕಾಲ ಬರೆಯಿರಿ.