ಫ್ರೆಂಚ್ ಹರಟೆಗೆ ಹನ್ನೊಂದು ಸೂತ್ರಗಳು

ಫ್ರೆಂಚ್ ತರಗತಿಯಲ್ಲಿ ಕ್ರಿಯಾಪದದ ರೂಪಗಳನ್ನೆಲ್ಲ ಬಾಯಿಪಾಠ ಮಾಡಿದವರೂ ಪ್ಯಾರಿಸ್ಸಿನ ಬೇಕರಿಯಲ್ಲೋ ಆಫೀಸಿನ ಕಾಫಿ ಯಂತ್ರದ ಮುಂದೆಯೋ ನಿಂತಾಗ ತಡವರಿಸುತ್ತಾರೆ. ಅವರಿಗೆ ವ್ಯಾಕರಣ ಗೊತ್ತಿದೆ. ಲೋಕಾಭಿರಾಮದ ನಾಲ್ಕು ಮಾತು, ಮನಸ್ಸಿನಲ್ಲಿರುವುದನ್ನು ಹೇಳುವ ಎಂಟು ಹತ್ತು ವಾಕ್ಯ ಮಾತ್ರ ನಾಲಗೆಯ ತುದಿಯಲ್ಲಿ ಇರುವುದಿಲ್ಲ. ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ಹೆಚ್ಚಿನವರು ಫ್ರೆಂಚನ್ನು ಇಂಗ್ಲಿಷಿನ ಮೂಲಕ ಕಲಿಯುತ್ತೇವೆ. ಭಾವನೆಯ ಮಾತಿಗೆ ಬಂದರೆ ಎಷ್ಟೋ ಕಡೆ ಕನ್ನಡದ ದಾರಿಯೇ ಹತ್ತಿರ. ಈ ಸೂತ್ರಗಳನ್ನು ಆ ದೃಷ್ಟಿಯಿಂದ ಓದಿ.

1. ಮೊದಲು ‘ಬೊಂಝೂರ್’, ಆಮೇಲೆ ಉಳಿದದ್ದು

ಫ್ರಾನ್ಸಿನಲ್ಲಿ ಅಂಗಡಿಯ ಒಳಗೆ ಕಾಲಿಡುತ್ತಲೇ ‘ಬೊಂಝೂರ್’ ಹೇಳಬೇಕು. ಬಸ್ ಹತ್ತುವಾಗ ಚಾಲಕರಿಗೆ, ಡಾಕ್ಟರ ಬಳಿ ಕಾಯುವ ಕೋಣೆಯಲ್ಲಿ, ಲಿಫ್ಟಿನಲ್ಲಿ ಸಿಕ್ಕ ನೆರೆಯವರಿಗೆ ಕೂಡ. ಅದನ್ನು ಬಿಟ್ಟು ನೇರವಾಗಿ ಬೆಲೆ ಕೇಳಿದರೆ ಒರಟುತನವೆನಿಸುತ್ತದೆ. ಅಪರಿಚಿತರಾದರೆ ‘ಮಸ್ಯೊ’ ಅಥವಾ ‘ಮದಾಮ್’ ಸೇರಿಸಿ. ಸಂಜೆಗೆ ‘ಬೊಂಸ್ವಾರ್’. ‘ಸಾಲ್ಯು’ ಗೆಳೆಯರಿಗೆ ಮಾತ್ರ. ಅದೇ ವ್ಯಕ್ತಿ ಅದೇ ದಿನ ಮತ್ತೆ ಎದುರಾದರೆ ಇನ್ನೊಮ್ಮೆ ‘ಬೊಂಝೂರ್’ ಬೇಡ. ಒಂದು ನಗು ಸಾಕು.

2. ‘ಸ ವಾ?’ ಎಂದರೆ ಚುಟುಕಾಗಿ ಉತ್ತರಿಸಿ, ತಿರುಗಿ ಕೇಳಿ

ನಮ್ಮಲ್ಲಿ ‘ಊಟ ಆಯ್ತಾ?’ ಎಂದವರಿಗೆ ಯಾರೂ ಅಡುಗೆಯ ಪಟ್ಟಿ ಒಪ್ಪಿಸುವುದಿಲ್ಲ. ‘ಸ ವಾ?’ ಕೂಡ ಅಂಥದೇ ಮಾತು. ‘ಸ ವಾ, ಎ ತ್ವಾ?’ ಎಂದು ಗೆಳೆಯರಿಗೆ, ‘ತ್ರೆ ಬ್ಯಾಂ, ಮೆರ್ಸಿ, ಎ ವು?’ ಎಂದು ಹಿರಿಯರಿಗೆ. ಪಠ್ಯಪುಸ್ತಕದ ‘ಕೊಮ್ ಸಿ ಕೊಮ್ ಸಾ’ ಜನರ ಬಾಯಲ್ಲಿ ಕೇಳಿಸುವುದು ಅಪರೂಪ. ಅಷ್ಟಕ್ಕಷ್ಟೆ ಎನ್ನಲು ಅವರು ‘ಬೋಫ್’ ಎಂದು ಭುಜ ಕುಣಿಸುತ್ತಾರೆ. ತಿರುಗಿ ಕೇಳುವುದನ್ನು ಮಾತ್ರ ಮರೆಯಬೇಡಿ. ಮಾತು ಮುಂದುವರಿಯುವುದು ಅದರಿಂದಲೇ.

3. ‘ತ್ಯು’, ‘ವು’ ಅಳೆದು ಬಳಸಿ

ನೀನು, ನೀವು ಬಲ್ಲ ಕನ್ನಡಿಗರಿಗೆ ಇದು ಹೊಸದಲ್ಲ. ಗೊತ್ತಿಲ್ಲದವರಿಗೆ, ಅಂಗಡಿಯವರಿಗೆ, ಮೇಷ್ಟ್ರಿಗೆ, ಹಿರಿಯರಿಗೆ ‘ವು’. ಮಕ್ಕಳಿಗೆ, ಸಹಪಾಠಿಗಳಿಗೆ, ಗೆಳೆಯರಿಗೆ ‘ತ್ಯು’. ಒಂದು ವ್ಯತ್ಯಾಸ ನೆನಪಿರಲಿ: ಅಲ್ಲಿ ಬಹುತೇಕ ಮನೆಗಳಲ್ಲಿ ಅಪ್ಪ, ಅಮ್ಮ, ಅಜ್ಜಿಗೂ ‘ತ್ಯು’ ಎನ್ನುತ್ತಾರೆ. ಅದರಲ್ಲಿ ಅಗೌರವವಿಲ್ಲ. ಸಲುಗೆ ಬೆಳೆದಾಗ ‘ಒಂ ಪ ಸ ತ್ಯುತ್ವಾಯೆ?’ (‘ತ್ಯು’ ಎನ್ನೋಣವೇ?) ಎಂದು ಕೇಳುವ ರೂಢಿಯಿದೆ. ಹಿರಿಯರೇ ಕೇಳಲಿ ಎಂದು ಕಾಯುವುದು ಒಳ್ಳೆಯದು. ಕೆನಡಾದ ಕೆಬೆಕ್‌ನಲ್ಲಿ ‘ತ್ಯು’ ಇನ್ನೂ ಬೇಗ ಬರುತ್ತದೆ.

4. ಹಸಿವು, ಚಳಿ, ಭಯ: ಇಂಗ್ಲಿಷಿನಲ್ಲಿ ಯೋಚಿಸಬೇಡಿ

‘ನನಗೆ ಹಸಿವಿದೆ’, ‘ನನಗೆ ಭಯವಿದೆ’ ಎನ್ನುತ್ತೇವಲ್ಲ, ಫ್ರೆಂಚಿನವರೂ ಇವನ್ನು ತಮ್ಮ ಬಳಿ ‘ಇರುವ’ ಸಂಗತಿಗಳಾಗಿಯೇ ಹೇಳುತ್ತಾರೆ: ‘ಝೆ ಫ್ಯಾಂ’ (ಹಸಿವು), ‘ಝೆ ಸ್ವಾಫ್’ (ಬಾಯಾರಿಕೆ), ‘ಝೆ ಫ್ರ್ವಾ’ (ಚಳಿ), ‘ಝೆ ಶೋ’ (ಸೆಖೆ), ‘ಝೆ ಪೆರ್’ (ಭಯ), ‘ಝೆ ಸೊಮೇಯ್’ (ನಿದ್ದೆ). ಇಂಗ್ಲಿಷಿನಿಂದ ಇಳಿಸಿ ‘ಝ ಸ್ವಿ ಶೋ’ ಎಂದರೆ ಮುಜುಗರದ ಅರ್ಥ ಬಂದೀತು. ಹೊಟ್ಟೆ ತುಂಬಿತೆನ್ನಲು ‘ಝ ಸ್ವಿ ಪ್ಲ್ಯಾಂ’ ಎಂದರೆ ಕುಡಿದಿದ್ದೀರಿ ಎಂದುಕೊಂಡಾರು. ‘ಝೆ ಬ್ಯಾಂ ಮಾಂಝೆ’, ಚೆನ್ನಾಗಿ ಊಟ ಮಾಡಿದೆ, ಎನ್ನಿ. ಯಾವುದಕ್ಕೋ ಆತುರದಿಂದ ಕಾಯುತ್ತಿದ್ದರೆ ‘ಝೆ ಆತ್’ ಎನ್ನಿ. ಇಂಗ್ಲಿಷಿನ ‘ಎಕ್ಸೈಟೆಡ್’ ನೆನೆದು ‘ಎಕ್ಸಿತೆ’ ಎಂಬ ಪದದ ತಂಟೆಗೆ ಹೋಗಬೇಡಿ, ಅದಕ್ಕೂ ಮುಜುಗರದ ಅರ್ಥ ಬಂದೀತು.

5. ‘ಸ ಮ...’ ಎಂದು ಶುರುಮಾಡಿ

‘ನನಗೆ ಖುಷಿಯಾಗುತ್ತದೆ’, ‘ನನಗೆ ಇಷ್ಟವಾಯಿತು’ ಎಂಬ ಮಾತಿನಲ್ಲಿ ಭಾವ ನಮ್ಮ ಕಡೆಗೆ ಬರುತ್ತದೆ. ಫ್ರೆಂಚಿನ ‘ಸ ಮ’ ಕೂಡ ಹಾಗೆಯೇ. ‘ಸ ಮ ಫೆ ಪ್ಲೆಜ಼ಿರ್’ ಸಂತೋಷಕ್ಕೆ, ‘ಸ ಮ ಪ್ಲೆ’ ಇಷ್ಟವಾದದ್ದಕ್ಕೆ, ‘ಸ ಮೆನೆರ್ವ್’ ಸಿಟ್ಟು ಬಂದಾಗ, ‘ಸ ಮ್ಯಾಂಕ್ಯೆತ್’ ಚಿಂತೆಯಾದಾಗ. ಊರು ಬಿಟ್ಟು ದೂರವಿರುವವರು ಅವಶ್ಯವಾಗಿ ಕಲಿಯಬೇಕಾದ ವಾಕ್ಯ ‘ತ್ಯು ಮ ಮಾಂಕ್’. ನಿನ್ನ ನೆನಪು ನನ್ನನ್ನು ಕಾಡುತ್ತಿದೆ ಎನ್ನುವಂತೆ, ಇಲ್ಲಿಯೂ ಕಾಡುವುದು ದೂರವಿರುವವರು, ಕಾಡಿಸಿಕೊಳ್ಳುವುದು ನಾವು. ಇಂಗ್ಲಿಷಿನ ಕ್ರಮದಲ್ಲಿ ಹೇಳಿದರೆ ಅರ್ಥವೇ ತಿರುಗುಮುರುಗು. ಸಾಕಾಗಿಹೋಗಿದೆ ಎನ್ನಲು ‘ಝಾನೆ ಮಾರ್’. ಇದು ಆಪ್ತರ ನಡುವೆ ಇರಲಿ, ಮೇಲಧಿಕಾರಿಯ ಮುಂದೆ ಬೇಡ.

6. ಪ್ರೀತಿ, ಮೆಚ್ಚುಗೆ ಎರಡನ್ನೂ ಅವರ ಅಳತೆಯಲ್ಲೇ ತೂಗಿ

‘ಝ ತೆಮ್’ ಪ್ರೇಮಿಗಳ, ಮನೆಯವರ ಮಾತು. ‘ಚೆನ್ನಾಗಿ’ ಎಂಬರ್ಥದ ‘ಬ್ಯಾಂ’ ಸೇರಿಸಿ ‘ಝ ತೆಮ್ ಬ್ಯಾಂ’ ಎಂದರೆ ಪ್ರೀತಿ ಹೆಚ್ಚುವುದಿಲ್ಲ, ಸ್ನೇಹದ ಮಟ್ಟಕ್ಕೆ ಇಳಿಯುತ್ತದೆ. ತಿಂಡಿ, ಸಿನಿಮಾ, ಊರುಗಳ ಬಗ್ಗೆ ಧಾರಾಳವಾಗಿ ‘ಝಾದೋರ್’ (ನನಗೆ ತುಂಬಾ ಇಷ್ಟ) ಎನ್ನಬಹುದು. ನಿಮ್ಮ ಅಡುಗೆ ಉಂಡು ‘ಸೆ ಪಾ ಮಾಲ್’, ಕೆಟ್ಟದಾಗಿಲ್ಲ, ಎಂದರೆ ಬೇಸರ ಬೇಡ. ಅದು ಹೊಗಳಿಕೆಯೇ. ಇನ್ನೊಂದು ಎಚ್ಚರ: ಊಟಕ್ಕೆ ಕುಳಿತಾಗ ‘ಇನ್ನಷ್ಟು ಬಡಿಸಲೇ?’ ಎಂದವರಿಗೆ ಬರೀ ‘ಮೆರ್ಸಿ’ ಎಂದರೆ ‘ಬೇಡ’ ಎಂದು ತಿಳಿಯುವುದುಂಟು. ಬೇಕಿದ್ದರೆ ‘ವೊಲೊಂತ್ಯೆ’ ಎನ್ನಿ.

7. ಹೂಂಗುಟ್ಟುವುದನ್ನು ಕಲಿಯಿರಿ

ಮಾತುಗಾರರಿಗಿಂತ ಒಳ್ಳೆಯ ಕೇಳುಗರಿಗೆ ಗೆಳೆಯರು ಬೇಗ ಸಿಗುತ್ತಾರೆ. ‘ಆ ಬೊಂ?’ ಎಂದರೆ ‘ಹೌದಾ?’. ಸಾವಿನ ಸುದ್ದಿಗೂ ಅದನ್ನು ಹೇಳಬಹುದು, ಅಲ್ಲಿ ‘ಒಳ್ಳೆಯದು’ ಎಂಬ ಅರ್ಥವಿಲ್ಲ. ‘ಸೆ ವ್ರೆ?’ (ನಿಜವಾ?), ‘ತಾಂ ಮ್ಯು’ (ಒಳ್ಳೆಯದೇ ಆಯ್ತು), ‘ದೊಮಾಝ್’ (ಛೇ, ಹೀಗಾಗಬಾರದಿತ್ತು), ‘ಸ ಅಲೋರ್!’ (ಅಬ್ಬಾ!), ‘ಸೆ ಪಾ ಗ್ರಾವ್’ (ಪರವಾಗಿಲ್ಲ ಬಿಡಿ). ಈ ಐದಾರನ್ನು ಸಮಯಕ್ಕೆ ಸರಿಯಾಗಿ ಹಾಕಿದರೆ ಎದುರಿನವರು ಹತ್ತು ನಿಮಿಷ ಮಾತಾಡುತ್ತಾರೆ. ಆ ಹತ್ತು ನಿಮಿಷವೂ ನಿಮ್ಮ ಪಾಲಿಗೆ ಪುಕ್ಕಟೆ ಪಾಠ.

8. ವಿಷಯ ನೋಡಿ ಮಾತೆತ್ತಿ

ಹವಾಮಾನ, ಊಟ, ರಜೆ ಈ ಮೂರು ಯಾವತ್ತೂ ಕೈಬಿಡುವುದಿಲ್ಲ. ‘ಇಲ್ ಫೆ ಬೋ’ (ಹವೆ ಚೆನ್ನಾಗಿದೆ), ‘ಇಲ್ ಫೆ ಫ್ರ್ವಾ’ (ಚಳಿ ಇದೆ) ಎಂದು ಆರಂಭಿಸಿ. ಊಟದ ಬಗ್ಗೆ ಅವರು ಬಿಡುವಿಲ್ಲದೆ ಮಾತಾಡಬಲ್ಲರು. ಫ್ರೆಂಚ್ ಭೋಜನಪದ್ಧತಿ 2010ರಲ್ಲಿ, ಬಾಗೆತ್ ಬ್ರೆಡ್ ಮಾಡುವ ಕಲೆ 2022ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿವೆ. ಜುಲೈ, ಆಗಸ್ಟಿನಲ್ಲಿ ರಜೆಯ ಮಾತು. ಸೆಪ್ಟೆಂಬರಿನಲ್ಲಿ ‘ರಾಂತ್ರೆ’, ಅಂದರೆ ಶಾಲೆ, ಕಚೇರಿಗಳಿಗೆ ಮರಳುವ ಕಾಲದ ಮಾತು. ‘ಬೊನಾನೆ’ ಎಂದು ಹೊಸವರ್ಷದ ಶುಭಾಶಯ ಜನವರಿ ಮುಗಿಯುವ ತನಕ ನಡೆಯುತ್ತದೆ. ಸಂಬಳ ಎಷ್ಟು, ಮದುವೆ ಯಾವಾಗ, ಮಕ್ಕಳೇಕಿಲ್ಲ, ಯಾವ ಧರ್ಮ ಎಂಬ ಪ್ರಶ್ನೆಗಳನ್ನು ಹೊಸ ಪರಿಚಯದಲ್ಲಿ ಕೇಳಲೇಬೇಡಿ.

9. ದುಃಖದಲ್ಲಿ ಸಣ್ಣ ವಾಕ್ಯ ಸಾಕು

ಕಷ್ಟದಲ್ಲಿರುವವರ ಮುಂದೆ ಭಾಷೆ ಬಾರದೆಂದು ಸುಮ್ಮನಿರಬೇಡಿ. ಸಾವಾದ ಮನೆಯವರಿಗೆ ‘ತೂತ್ ಮೆ ಕೊಂದೊಲೆಯಾಂಸ್’. ಕಾಯಿಲೆಯವರಿಗೆ ‘ಬೊಂ ರೆತಾಬ್ಲಿಸ್ಮಾಂ’. ಆಪ್ತರಿಗೆ ‘ಝ ಪಾಂಸ್ ಆ ತ್ವಾ’, ನಿನ್ನ ಬಗ್ಗೆಯೇ ಯೋಚಿಸುತ್ತಿದ್ದೇನೆ. ಪರೀಕ್ಷೆಗೆ ಹೊರಟವರಿಗೆ, ರಾತ್ರಿ ಪಾಳಿಗೆ ಉಳಿದ ಸಹೋದ್ಯೋಗಿಗೆ ‘ಬೊಂ ಕುರಾಝ್’, ಧೈರ್ಯವಾಗಿರಿ. ಉಚ್ಚಾರ ಸ್ವಲ್ಪ ತಪ್ಪಿದರೂ ಮನಸ್ಸು ತಲುಪುತ್ತದೆ.

10. ಹೊರಡುವಾಗ ಹರಸಿ ಹೊರಡಿ

ಮಾತು ಮುಗಿಸಲು ‘ಬೊಂ, ಝ ವು ಲೆಸ್’ ಎನ್ನುತ್ತಾರೆ, ನಾವು ‘ಸರಿ, ಬರ್ತೀನಿ’ ಎನ್ನುವಂತೆ. ‘ಓ ರವ್ವಾರ್’ ಜೊತೆಗೆ ಒಂದು ಹಾರೈಕೆ ಇರಲೇಬೇಕು: ಹಗಲಿನಲ್ಲಿ ‘ಬೊನ್ ಝೂರ್ನೆ’, ಸಂಜೆ ‘ಬೊನ್ ಸ್ವಾರೆ’, ಶುಕ್ರವಾರ ‘ಬೊಂ ವೀಕೆಂಡ್’, ರಜೆಗೆ ಮುನ್ನ ‘ಬೊನ್ ವಾಕಾಂಸ್’. ಅವರು ಹಾರೈಸಿದರೆ ‘ವು ಓಸಿ’, ನಿಮಗೂ, ಎಂದು ಮರಳಿಸಿ.

11. ದಿನವೂ ಬಾಯಿಬಿಟ್ಟು ಅಭ್ಯಾಸ ಮಾಡಿ

ಫ್ರೆಂಚಿನ ಮೂಗಿನ ಸ್ವರಗಳನ್ನು ಕನ್ನಡ ಲಿಪಿ ಪೂರ್ತಿ ಹಿಡಿಯಲಾರದು. ಕಿವಿಯಿಂದಲೇ ತಿದ್ದಿಕೊಳ್ಳಬೇಕು. ಆರ್‌ಎಫ್‌ಐ ರೇಡಿಯೊದ ಸರಳ ಫ್ರೆಂಚ್ ವಾರ್ತೆ, ಟಿವಿ5ಮಾಂಡ್‌ನ ಪಾಠಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. 1883ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಅಲಿಯಾನ್ಸ್ ಫ್ರಾನ್ಸೇಸ್ ಸಂಸ್ಥೆ ಬೆಂಗಳೂರಿನಲ್ಲೂ ಇದೆ. ಫ್ರೆಂಚ್ ಭಾಷಾ ಸಾಮರ್ಥ್ಯವನ್ನು ಅಳೆಯುವ ಡೆಲ್ಫ್ ಪರೀಕ್ಷೆಯ ನೂರು ಅಂಕಗಳಲ್ಲಿ 25 ಮಾತಿಗೇ ಮೀಸಲು. ಮೊದಲ ಹಂತದಲ್ಲಿ ಕೇಳುವುದು ನಿಮ್ಮ ಪರಿಚಯ, ಮನೆಯವರು, ಇಷ್ಟಾನಿಷ್ಟ, ಅಂಗಡಿಯ ಸಂಭಾಷಣೆಗಳನ್ನೇ.

ಈ ಹನ್ನೊಂದರಲ್ಲಿ ಎರಡನ್ನು ಆರಿಸಿ ಈ ವಾರವೇ ಬಳಸಿ, ಮುಂದಿನ ವಾರ ಇನ್ನೆರಡು. ಜೊತೆಗೆ ಕಲಿಯುವ ಗೆಳತಿಯೊಂದಿಗೆ ಫೋನಿನಲ್ಲಾದರೂ ಐದು ನಿಮಿಷ ಮಾತಾಡಿ. ತಪ್ಪಾದೀತೆಂದು ಹಿಂಜರಿಯಬೇಡಿ. ವ್ಯಾಕರಣದ ತಪ್ಪನ್ನು ಫ್ರೆಂಚರು ಕ್ಷಮಿಸುತ್ತಾರೆ, ನಮಸ್ಕಾರವನ್ನೂ ಹೇಳದ ಮೌನವನ್ನು ಅಷ್ಟು ಸುಲಭವಾಗಿ ಕ್ಷಮಿಸುವುದಿಲ್ಲ.