ಘನ ಕ್ರಿಯಾವರ್ಧಕಗಳ ಕಾರ್ಯವಿಧಾನ

ಕಲಬುರಗಿ ನಗರದ ದಾಲ್ ಮಿಲ್ಲುಗಳಿಗೆ ಬರುವ ತೊಗರಿಗೂ ಕಮಲಾಪುರದ ತೋಟಗಳ ಕೆಂಪು ಬಾಳೆಗೂ ಸಾರಜನಕವು ಅತ್ಯಾವಶ್ಯಕ. ವಾಯುವಿನ ಶೇಕಡ 78 ಭಾಗ ಸಾರಜನಕವೇ ಆಗಿದ್ದರೂ ಬೆಳೆಗಳು ಅದನ್ನು ನೇರವಾಗಿ ಹೀರಲಾರವು. ಅದರ ಅಣುವಿನಲ್ಲಿ ಎರಡು ಪರಮಾಣುಗಳು ತ್ರಿಬಂಧದಿಂದ ಬಿಗಿದುಕೊಂಡಿರುವುದೇ ಇದಕ್ಕೆ ಕಾರಣ. ತೊಗರಿಯ ಬೇರುಗಂಟುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ತಮ್ಮ ಕಿಣ್ವದ ನೆರವಿನಿಂದ ಆ ಬಂಧವನ್ನು ಬಿಡಿಸಿಕೊಡುತ್ತವೆ. ಬಾಳೆಗೆ ಅಂತಹ ಬೇರುಗಂಟುಗಳಿಲ್ಲ. ಅದಕ್ಕೆ ಕೊಟ್ಟಿಗೆ ಗೊಬ್ಬರವನ್ನೋ ಯೂರಿಯಾವನ್ನೋ ಕೊಡಬೇಕು. ಯೂರಿಯಾಕ್ಕೆ ಬೇಕಾಗುವ ಅಮೋನಿಯಾದ ತಯಾರಿಕೆಯು ಘನ ಕ್ರಿಯಾವರ್ಧಕದ ಕಾರ್ಯಕ್ಕೆ ಉತ್ತಮ ನಿದರ್ಶನ.

ಕ್ರಿಯಾವರ್ಧಕವೆಂದರೆ ಕ್ರಿಯೆಯಲ್ಲಿ ಭಾಗವಹಿಸದೆ ಅದರ ವೇಗವನ್ನು ಹೆಚ್ಚಿಸುವ ವಸ್ತುವೆಂದು ವಿದ್ಯಾರ್ಥಿಗಳು ಕಂಠಪಾಠ ಒಪ್ಪಿಸುವುದುಂಟು. ಇದು ಸರಿಯಲ್ಲ. ಅದು ಭಾಗವಹಿಸುತ್ತದೆ, ಕೊನೆಗೆ ತನ್ನ ಮೊದಲಿನ ಸ್ಥಿತಿಗೆ ಮರಳುತ್ತದೆ.

ಕಾರ್ಖಾನೆಯಲ್ಲಿ ಸಾರಜನಕ ಮತ್ತು ಜಲಜನಕಗಳನ್ನು ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಅಧಿಕ ಒತ್ತಡದಲ್ಲಿ, ಕಬ್ಬಿಣದ ತುಣುಕುಗಳ ನಡುವೆ ಹಾಯಿಸುತ್ತಾರೆ. ಕಬ್ಬಿಣದ ಮೇಲ್ಮೈ ಪರಮಾಣುಗಳು ಸಾರಜನಕದೊಡನೆ ತಾತ್ಕಾಲಿಕ ಬಂಧ ಕಟ್ಟಿಕೊಳ್ಳುವುದರಿಂದ ತ್ರಿಬಂಧವು ಸಡಿಲಗೊಂಡು ಕಡಿಯುತ್ತದೆ. ಬಿಡಿಯಾದ ಸಾರಜನಕ ಪರಮಾಣುವಿಗೆ ಜಲಜನಕದ ಪರಮಾಣುಗಳು ಒಂದೊಂದಾಗಿ ಕೂಡಿ ಅಮೋನಿಯಾ ಉಂಟಾಗುತ್ತದೆ. ಅದು ಕಳಚಿಕೊಂಡೊಡನೆ ತೆರವಾದ ಸ್ಥಳಕ್ಕೆ ಮತ್ತೊಂದು ಅಣು ಬರುತ್ತದೆ. ಈ ಹಂತಗಳನ್ನು ಸ್ಪಷ್ಟಪಡಿಸಿದ ಜರ್ಮನಿಯ ಗೆರ್ಹಾರ್ಡ್ ಎರ್ಟ್ಲ್ ಅವರಿಗೆ 2007ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕಾರ್ಯವೆಲ್ಲ ಮೇಲ್ಮೈಯಲ್ಲೇ ನಡೆಯುವುದರಿಂದ ಅದರ ವಿಸ್ತೀರ್ಣ ಮುಖ್ಯ. ಒಂದು ಸೆಂಟಿಮೀಟರ್ ಬಾಹುವಿನ ಘನಾಕೃತಿಯ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರ್ ಬಾಹುವಿನ 1000 ತುಣುಕುಗಳಾಗಿಸಿದರೆ 60 ಚದರ ಸೆಂಟಿಮೀಟರ್ ಆಗುತ್ತದೆ. ಗಂಧಕದ ಅಂಶವೇನಾದರೂ ಈ ಮೇಲ್ಮೈಯನ್ನು ಆಕ್ರಮಿಸಿದರೆ ಕಬ್ಬಿಣವು ನಿಷ್ಕ್ರಿಯವಾಗುತ್ತದೆ. ಆದ್ದರಿಂದ ಅನಿಲಗಳನ್ನು ಮೊದಲೇ ಶುದ್ಧಗೊಳಿಸಬೇಕು.

ಕ್ರಿಯಾವರ್ಧಕಕ್ಕೆ ಇತಿಮಿತಿಯೂ ಉಂಟು. ಅದು ಮುಮ್ಮುಖ, ಹಿಮ್ಮುಖ ಕ್ರಿಯೆಗಳೆರಡನ್ನೂ ತ್ವರಿತಗೊಳಿಸುತ್ತದೆಯೇ ಹೊರತು ಸಮತೋಲನದಲ್ಲಿ ದೊರೆಯುವ ಅಮೋನಿಯಾದ ಪ್ರಮಾಣವನ್ನು ಹೆಚ್ಚಿಸದು. ಆದುದರಿಂದ ಅಮೋನಿಯಾವನ್ನು ಬೇರ್ಪಡಿಸಿ, ಉಳಿದ ಅನಿಲಗಳನ್ನು ಮತ್ತೆ ಮತ್ತೆ ಹಾಯಿಸುತ್ತಾರೆ.

ಫ್ರಿಟ್ಸ್ ಹೇಬರ್ ಮತ್ತು ಕಾರ್ಲ್ ಬಾಷ್ ಅವರ ಈ ವಿಧಾನವು 1913ರಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಕೈಗಾರಿಕೆಯ ರೂಪ ಪಡೆಯಿತು. ಮಂಗಳೂರಿನ ಪಣಂಬೂರಿನಲ್ಲಿ ರಸಗೊಬ್ಬರ ಕಾರ್ಖಾನೆಯು 1976ರಲ್ಲಿ ಉತ್ಪಾದನೆ ಆರಂಭಿಸಿತು. ಬಾಳೆಯ ಬುಡಕ್ಕೆ ಬೀಳುವ ಒಂದು ಹಿಡಿ ಯೂರಿಯಾದ ಹಿಂದೆ ಕಬ್ಬಿಣದ ಈ ಕಾರ್ಯವಿದೆ. ತರಗತಿಯಲ್ಲಿ ‘ಭಾಗವಹಿಸದೆ’ ಎಂಬ ಮಾತನ್ನು ‘ಭಾಗವಹಿಸಿಯೂ ವ್ಯಯವಾಗದೆ’ ಎಂದು ತಿದ್ದಿದರೆ ವಿದ್ಯಾರ್ಥಿಗೆ ಇದರ ಮರ್ಮ ತಿಳಿಯುತ್ತದೆ.