ದೊಡ್ಡ ಕೆರೆಯಲ್ಲಿ ಮೀನು ಎಲ್ಲಿರುತ್ತೆ?

ಮಳೆ ನಂಬಿ ಶೇಂಗಾ, ರಾಗಿ ಬೆಳೆಯುವವರು ನಾವು. ಬೆಳೆ ಕೈಕೊಟ್ಟ ವರ್ಷ ಸಾರಿಗೆ ಆಗೋದು ಕೆರೆ ಮೀನೇ. ಚಿಕ್ಕ ಕಟ್ಟೆಯಲ್ಲಿ ಎಲ್ಲಿ ಗಾಳ ಹಾಕಿದರೂ ನಡೆದೀತು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಂಥ ನೀರಿನಲ್ಲಿ ಹಾಗಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಈ ವಾಣಿವಿಲಾಸ ಸಾಗರದ ತುಂಬು ಮಟ್ಟ 130 ಅಡಿ. ಅಷ್ಟು ನೀರಲ್ಲಿ ಮೀನು ಎಲ್ಲ ಕಡೆ ಸಮನಾಗಿ ಹರಡಿರೋದಿಲ್ಲ. ಮೇವು, ಉಸಿರು, ಮರೆ ಈ ಮೂರೂ ಸಿಗುವ ಕಡೆ ಸೇರುತ್ತೆ. ಆ ಜಾಗ ಹುಡುಕೋದೇ ಅರ್ಧ ಕೆಲಸ.

ಮೊದಲು ಯಾವ ಮೀನು ಬೇಕು ಅಂತ ತೀರ್ಮಾನ ಮಾಡಿ. ಕಾಟ್ಲ ಮೇಲ್ನೀರಿನ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತೆ. ರೋಹು ನಡುನೀರಿನದು. ಮೃಗಾಲ, ಸಾಮಾನ್ಯ ಗೆಂಡೆ ತಳದ ಕೆಸರು ಕೆದಕುತ್ತವೆ. ಗಾಳಕ್ಕೆ ಕಟ್ಟಿದ ಬೆಂಡನ್ನು ಇದಕ್ಕೆ ತಕ್ಕಂತೆ ಮೇಲೆ ಕೆಳಗೆ ಸರಿಸಬೇಕು.

ಎರಡನೆಯದು ಗಾಳಿ. ಒಂದೇ ದಿಕ್ಕಿಂದ ಎರಡು ಮೂರು ದಿನ ಬೀಸಿದರೆ ಮೇಲ್ನೀರಿನ ಮೇವು ಎದುರು ದಡಕ್ಕೆ ತಳ್ಳಿಹೋಗುತ್ತೆ. ಅಲೆ ಬಡಿದು ನೀರಿಗೆ ಉಸಿರೂ ಸೇರುತ್ತೆ. ಮುಂಗಾರಿನಲ್ಲಿ ಪಡುವಣ ಗಾಳಿ ಇರುವಾಗ ಮೂಡಣ ದಡ ನೋಡಿ. ಕೂರೋಕೆ ಹಿತವಾಗಿರೋದು ಗಾಳಿ ಇಲ್ಲದ ದಡ, ಮೀನಿಗೆ ಹಿತ ಅಲೆ ಬಡಿಯುವ ದಡ.

ಮೂರನೆಯದು ನೆಲ. ಬಿತ್ತುವ ಮುಂಚೆ ಹೊಲ ಸುತ್ತಿ ನೋಡ್ತೀವಲ್ಲ, ಹಾಗೇ ಬೇಸಿಗೆಯಲ್ಲಿ ನೀರು ಇಳಿದಾಗ ಕೆರೆಯಂಗಳ ಸುತ್ತಿ ಬನ್ನಿ. ಹಳೆ ಹಳ್ಳದ ಪಾತ್ರ, ಬಂಡೆ, ಮರದ ಬೊಡ್ಡೆ ಎಲ್ಲಿವೆ ಅಂತ ದಡದ ಗುರುತು ಇಟ್ಟು ಬರೆದುಕೊಳ್ಳಿ. ನೀರು ತುಂಬಿದ ಮೇಲೆ ಮೀನು ಓಡಾಡೋದು ಆ ಹಳ್ಳದ ಅಂಚಲ್ಲೇ. ಬಿಸಿಲು ಏರಿದಾಗ ಆಳಕ್ಕೆ ಇಳಿಯುತ್ತೆ, ಬೆಳಿಗ್ಗೆ, ಸಂಜೆ ತೆಳುನೀರಿಗೆ ಬರುತ್ತೆ.

ನೀರು ಏರುತ್ತಿರುವಾಗ ಹೊಸದಾಗಿ ಮುಳುಗಿದ ನೆಲ ಬಿಡಬೇಡಿ. ಎರೆಹುಳು, ಇರುವೆ, ಹುಲ್ಲುಬೀಜ ಎಲ್ಲ ಮೀನಿಗೆ ಮೇವು. 1933ರ ನಂತರ 2022ರಲ್ಲಿ ಮಾರಿಕಣಿವೆ ಕೋಡಿ ಬಿತ್ತು. ಅಷ್ಟು ವರ್ಷ ಒಣಗಿದ್ದ ಅಂಚಿನ ನೆಲವೂ ಆಗ ನೀರಿನಡಿ ಸೇರಿತು.

ಇನ್ನು ಗುರುತುಗಳು. ನೀರುಕಾಗೆ ಒಂದೇ ಕಡೆ ಮತ್ತೆ ಮತ್ತೆ ಮುಳುಗಿದರೆ ಅಲ್ಲಿ ಮರಿ ಮೀನಿನ ಹಿಂಡಿದೆ. ತಳದಿಂದ ಏಳುವ ಗುಳ್ಳೆ ಮುಂದೆ ಮುಂದೆ ಸಾಗಿದರೆ ಮೀನು ಕೆಸರು ಕೆದಕುತ್ತಿದೆ ಅನ್ನಿ. ಒಂದೇ ಜಾಗದಲ್ಲಿ ಎದ್ದರೆ ಅದು ಕೊಳೆತ ಕಸದ ಗಾಳಿ. ಹಸಿರುಗಟ್ಟಿದ ಕೆರೆಯಲ್ಲಿ ನಸುಕಿನಲ್ಲಿ ಮೀನು ಹಿಂಡುಹಿಂಡಾಗಿ ಮೇಲೆ ಬಂದು ಬಾಯಿ ತೆರೆದರೆ ಅದು ಹಸಿವಲ್ಲ, ಉಸಿರಿನ ತೊಂದರೆ. ಆಗ ಗಾಳ ಹಾಕಿ ಪ್ರಯೋಜನವಿಲ್ಲ.

ಎರಡು ಮಾತು ನೆನಪಿಡಿ. ಹೊಸ ನೀರು ಬಂದಾಗ ಹಳ್ಳದ ಬಾಯಿಗೆ ಮೊಟ್ಟೆ ತುಂಬಿದ ಮೀನು ಏರುತ್ತವೆ. ಅವನ್ನು ಹಿಡಿಯೋದು ಬಿತ್ತನೆ ಕಾಳು ಬೇಯಿಸಿ ಉಂಡಂತೆ. ಮೀನಿನ ಹಕ್ಕು ಟೆಂಡರಿನವರದೋ ಸಂಘದ್ದೋ ಕೇಳಿಕೊಂಡೇ ಗಾಳ ಹಾಕಿ.

ಹೂಳೆತ್ತಿದ ಗುಂಡಿಗಳು ನೀರು ತುಂಬಿದ ಮೇಲೆ ಕಾಣೋದಿಲ್ಲ. ಮೊಣಕಾಲುದ್ದದ ನೀರು ಅಂತ ಇಟ್ಟ ಹೆಜ್ಜೆ ಎರಡಾಳು ಆಳಕ್ಕೆ ಹೋದೀತು. ಈಜು ಬಂದರೂ ಒಬ್ಬರೇ ಇಳಿಯಬೇಡಿ, ಮಕ್ಕಳನ್ನಂತೂ ಇಳಿಸಲೇಬೇಡಿ. ಬೇಸಿಗೆಯಲ್ಲಿ ಬರೆದುಕೊಂಡ ಗುರುತು ಮೀನಿಗೆ ಎಷ್ಟು ಬೇಕೋ ಜೀವ ಉಳಿಸಿಕೊಳ್ಳೋಕೂ ಅಷ್ಟೇ ಬೇಕು.